ಆಟವೂ ಪಾಠವೂ

ಉಡುಪಿ, ಮಣಿಪಾಲ, ಕಾಪು, ಕಾರ್ಕಳಗಳ ಆಸುಪಾಸಿನ ವಸತಿಶಾಲೆಗಳಲ್ಲಿ ದಿನವು ಗಂಟೆಯ ನಾದದೊಡನೆ ಆರಂಭವಾಗುತ್ತದೆ. ಮನೆಗೂ ಶಾಲೆಗೂ ನಡುವೆ ಅಲೆಯುವ ವೇಳೆ ಅಲ್ಲಿ ಉಳಿಯುತ್ತದೆ. ಆದುದರಿಂದ ಆಟಪಾಠಗಳೆರಡಕ್ಕೂ ಬೇಕಾದಷ್ಟು ಕಾಲ ದೊರೆಯುವುದೆಂದು ತೋರಬಹುದು. ವಿನೋದಕ್ಕಾಗಿ ಆಡುವವನ ಮಟ್ಟಿಗೆ ಇದು ನಿಜ. ಸ್ಪರ್ಧೆಗಾಗಿ ಆಡುವವನ ಪಾಡೇ ಬೇರೆ.

ಶಾಲಾ ಕ್ರೀಡಾಕೂಟಗಳ ಏರ್ಪಾಡನ್ನು ಗಮನಿಸಿರಿ. ವಲಯದಲ್ಲಿ ಗೆದ್ದವರು ತಾಲ್ಲೂಕಿಗೆ, ಅಲ್ಲಿಂದ ಜಿಲ್ಲೆಗೆ, ವಿಭಾಗಕ್ಕೆ, ರಾಜ್ಯಕ್ಕೆ ಹೋಗಬೇಕು. ಮೊದಲ ಸುತ್ತಿನಲ್ಲಿಯೇ ಸೋತವನು ಮರುದಿನ ತರಗತಿಯಲ್ಲಿ ಕುಳಿತಿರುತ್ತಾನೆ. ಗೆಲ್ಲುತ್ತ ಹೋದವಳಿಗಾದರೋ ಒಂದೊಂದು ಗೆಲುವಿನೊಡನೆ ಕೆಲವು ಪಾಠಗಳು ತಪ್ಪುತ್ತವೆ. ಬೀಜಗಣಿತದಂತಹ ವಿಷಯದಲ್ಲಿ ನಡುವಣ ಒಂದು ಮೆಟ್ಟಿಲು ತಪ್ಪಿದರೆ ಮುಂದಿನದು ಅರ್ಥವಾಗದು. ತಪ್ಪಿದುದನ್ನು ಬೇರೆಯಾಗಿ ಹೇಳಿಕೊಡುವುದು ಶಾಲೆಯ ಹೊಣೆ. ಆಕೆಯ ಪದಕದೊಡನೆ ಚಿತ್ರ ತೆಗೆಸಿಕೊಳ್ಳಲು ಮುಂದೆ ಬರುವ ಹಿರಿಯರು ಈ ಕೆಲಸದಲ್ಲಿ ಹಿಂದೆ ಬೀಳುವುದುಂಟು!

ಕರಾವಳಿಯಲ್ಲಿ ಇನ್ನೊಂದು ತೊಡಕುಂಟು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುವ ಮಳೆಗೆ ಅಂಗಳವೆಲ್ಲ ಕೆಸರಾಗಿರುತ್ತದೆ. ಮಳೆ ಬಿಟ್ಟ ಹೊತ್ತೇ ಅಭ್ಯಾಸದ ಹೊತ್ತು. ಅದು ಓದಿನ ವೇಳೆಗೂ ಕೈಚಾಚುತ್ತದೆ.

ಇಂತಹ ಇಕ್ಕಟ್ಟಿನಲ್ಲಿ ವಿದ್ಯಾರ್ಥಿಗಳು ಮೊದಲು ಕಡಿಮೆ ಮಾಡುವುದು ನಿದ್ರೆಯನ್ನು. ಹದಿಹರೆಯದವರಿಗೆ ದಿನಕ್ಕೆ 8ರಿಂದ 10 ಗಂಟೆಗಳ ನಿದ್ರೆ ಬೇಕೆಂದು ವೈದ್ಯರು ಹೇಳುತ್ತಾರೆ. ರಾತ್ರಿ ಹತ್ತೂವರೆಯ ತನಕ ಓದಿ, ಮುಂಜಾನೆ ಐದಕ್ಕೆ ಓಡಲು ಹೊರಡುವವನಿಗೆ ಏಳು ಗಂಟೆಯೂ ದೊರೆಯದು. ದಣಿದ ಸ್ನಾಯುಗಳು ಚೇತರಿಸಿಕೊಳ್ಳುವುದೂ, ಓದಿದುದು ನೆನಪಿನಲ್ಲಿ ನೆಲೆಗೊಳ್ಳುವುದೂ ಬಹುಮಟ್ಟಿಗೆ ನಿದ್ರೆಯಲ್ಲಿಯೇ. ನಿದ್ರೆಯನ್ನು ಕಡಿದವನು ಓಟದಲ್ಲಿಯೂ ಪರೀಕ್ಷೆಯಲ್ಲಿಯೂ ಒಮ್ಮೆಗೇ ಹಿಂದುಳಿಯುತ್ತಾನೆ. ಅದಕ್ಕಿಂತ ಒಂದು ಆಟವನ್ನು ಬಿಟ್ಟು ಇನ್ನೊಂದನ್ನು ಉಳಿಸಿಕೊಳ್ಳುವುದು ಲೇಸು. ಭಾರ ಎತ್ತುವವರು ಬಿಡುವಿನ ದಿನವನ್ನೂ ಅಭ್ಯಾಸದ ಭಾಗವೆಂದೇ ಎಣಿಸುತ್ತಾರೆ.

ಈ ಮಾತಿಗೆ ಸಮೀಪದ ನಿದರ್ಶನವೊಂದುಂಟು. ಉಡುಪಿ ಜಿಲ್ಲೆಯ ವಂಡ್ಸೆಯ ಕಡೆಯ ಗುರುರಾಜ ಪೂಜಾರಿಯವರು ವಾಹನ ಚಾಲಕರೊಬ್ಬರ ಮಗ. ಉಜಿರೆಯ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಕಾಲೇಜಿನಲ್ಲಿ ಓದುತ್ತಿರುವಾಗ ಅವರು ಭಾರ ಎತ್ತುವುದನ್ನು ಕಲಿತರು. ಆಟವು ತರಗತಿಯ ಜೊತೆಜೊತೆಗೇ ಬೆಳೆಯಿತು. 2018ರಲ್ಲಿ ಆಸ್ಟ್ರೇಲಿಯದ ಗೋಲ್ಡ್ ಕೋಸ್ಟ್‌ನಲ್ಲಿ ನಡೆದ ಕಾಮನ್‌ವೆಲ್ತ್ ಕ್ರೀಡಾಕೂಟದ 56 ಕಿಲೋಗ್ರಾಂ ವಿಭಾಗದಲ್ಲಿ, ಎರಡು ಬಗೆಯ ಎತ್ತುವಿಕೆಗಳಿಂದ ಒಟ್ಟು 249 ಕಿಲೋಗ್ರಾಂ ಎತ್ತಿ ಬೆಳ್ಳಿಯ ಪದಕ ಪಡೆದರು. ನಾಲ್ಕು ವರ್ಷಗಳ ಅನಂತರ, 2022ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ 61 ಕಿಲೋಗ್ರಾಂ ವಿಭಾಗಕ್ಕೆ ಏರಿ, 269 ಕಿಲೋಗ್ರಾಂ ಎತ್ತಿ ಕಂಚನ್ನು ತಂದರು.