ಹೆಣ್ಣುಮಕ್ಕಳೂ ಇದ್ದಾರೆ, ಹಳ್ಳಿಯವರೂ ಇದ್ದಾರೆ: ಹಳ್ಳಿಯ ಹೆಣ್ಣುಮಕ್ಕಳು ಎಲ್ಲಿ?

“ನಮ್ಮ ಐಟಿ ಕಂಪನಿಯಲ್ಲಿ 100ರಲ್ಲಿ 40 ಮಂದಿ ಮಹಿಳೆಯರು, 40 ಮಂದಿ ಹಳ್ಳಿಯವರು. ಇನ್ನೆಲ್ಲಿದೆ ತಾರತಮ್ಯ?” ಇಂಥ ಫಾರ್ವರ್ಡ್ ನಿಮಗೂ ಬಂದಿರಬಹುದು. ಎರಡೂ ಅಂಕಿ ನಿಜವಾಗಿದ್ದರೂ ತೀರ್ಮಾನ ತಪ್ಪಾಗಬಹುದು. ಹೇಗೆ?

ಎಲೆಕ್ಟ್ರಾನಿಕ್ ಸಿಟಿಯಲ್ಲಿ ಅಂಥದೊಂದು ಆಫೀಸು ಇದೆ ಎಂದುಕೊಳ್ಳೋಣ. (ಈ ಅಂಕಿಗಳು ಉದಾಹರಣೆಗೆ ಮಾತ್ರ.) ಹಳ್ಳಿಯ 40 ಮಂದಿಯಲ್ಲಿ 36 ಜನ ಗಂಡಸರು. 40 ಮಹಿಳೆಯರಲ್ಲಿ 36 ಜನ ನಗರದವರು. ಅಂದರೆ ಹಳ್ಳಿಯಿಂದ ಬಂದ ಹೆಣ್ಣುಮಕ್ಕಳು ನಾಲ್ಕೇ ಮಂದಿ! ಗುತ್ತಿಗೆ ಮೇಲೆ ಬರುವ ಹೌಸ್‌ಕೀಪಿಂಗ್‌ನವರನ್ನು ಈ ನೂರರಲ್ಲಿ ಸಾಮಾನ್ಯವಾಗಿ ಸೇರಿಸುವುದೇ ಇಲ್ಲ, ಅದು ಬೇರೆ ಕಥೆ.

ಅಮೆರಿಕದಲ್ಲಿ ಇದು ಕೋರ್ಟಿಗೂ ಹೋಗಿತ್ತು. ಜನರಲ್ ಮೋಟಾರ್ಸ್ ವಿರುದ್ಧ ಐವರು ಕಪ್ಪು ಮಹಿಳೆಯರು ಹೂಡಿದ ದಾವೆಯಲ್ಲಿ 1976ರಲ್ಲಿ ತೀರ್ಪು ಬಂತು. ಕಂಪನಿ ಮಹಿಳೆಯರನ್ನು ಸೇರಿಸಿಕೊಂಡಿತ್ತಲ್ಲ ಎಂದು ಕೋರ್ಟ್ ಅವರ ಲಿಂಗ ತಾರತಮ್ಯದ ವಾದ ಒಪ್ಪಲಿಲ್ಲ. ಆ ಮಹಿಳೆಯರು ಬಿಳಿಯರು ಎಂಬುದು ಲೆಕ್ಕಕ್ಕೆ ಬರಲಿಲ್ಲ. ಈ ಪ್ರಕರಣವನ್ನೂ ಚರ್ಚಿಸುತ್ತಾ ಕಾನೂನು ಪ್ರಾಧ್ಯಾಪಕಿ ಕಿಂಬರ್ಲೆ ಕ್ರೆನ್‌ಶಾ 1989ರಲ್ಲಿ ‘ಇಂಟರ್‌ಸೆಕ್ಷನಾಲಿಟಿ’ ಎಂಬ ಪದ ಕೊಟ್ಟರು. ಜಾತಿ, ಲಿಂಗ, ಊರು, ವರ್ಗ ಒಂದರ ಮೇಲೊಂದು ಬಂದು ಕೂಡುವ ಜಾಗವನ್ನೇ ನೋಡಬೇಕು ಎಂಬುದು ಅದರ ಅರ್ಥ.

ನೋಡಲು ದುಬಾರಿ ಸಾಫ್ಟ್‌ವೇರ್ ಬೇಕೇ? ಬೇಡ. ‘ಆರ್’ ಎಂಬ ಓಪನ್ ಸೋರ್ಸ್ ಸಾಫ್ಟ್‌ವೇರ್ ಪೂರ್ತಿ ಉಚಿತ. ಕೇಂದ್ರ ಸರ್ಕಾರದ ಪಿಎಲ್‌ಎಫ್‌ಎಸ್ ಉದ್ಯೋಗ ಸಮೀಕ್ಷೆಯ ದತ್ತಾಂಶವನ್ನೂ, ಹೆಸರುಗಳಿಲ್ಲದೆ, ಯಾರು ಬೇಕಾದರೂ ಪಡೆಯಬಹುದು. ಅದರಲ್ಲಿ ಲಿಂಗ, ಸಾಮಾಜಿಕ ಗುಂಪು, ಧರ್ಮ, ಶಿಕ್ಷಣ, ಕೆಲಸದ ಬಗೆ ಎಲ್ಲ ಇವೆ. ಹೊಸದಾಗಿ ಸಮೀಕ್ಷೆ ಮಾಡುವವರಿಗೆ ‘ಕೋಬೊಟೂಲ್‌ಬಾಕ್ಸ್’ ಇದೆ. ಪ್ರಶ್ನೆಗಳನ್ನು ಕನ್ನಡದಲ್ಲೇ ಹಾಕಬಹುದು, ನೆಟ್‌ವರ್ಕ್ ಇಲ್ಲದಿದ್ದರೂ ಫೋನಿನಲ್ಲಿ ಉತ್ತರ ತುಂಬಬಹುದು.

ಅಂದಹಾಗೆ, ಎಲೆಕ್ಟ್ರಾನಿಕ್ ಸಿಟಿಯ ಟ್ರಿಪಲ್ ಐಟಿ ಬೆಂಗಳೂರಿನಲ್ಲಿ 2018ರಲ್ಲಿ ಶುರುವಾದ ‘ಮೋಸಿಪ್’ ಕೂಡ ಓಪನ್ ಸೋರ್ಸ್, ಅದೂ ‘ಐಡೆಂಟಿಟಿ’ಯದ್ದೇ. ಆದರೆ ಅದು ದೇಶಗಳು ಗುರುತಿನ ಚೀಟಿ ವ್ಯವಸ್ಥೆ ಕಟ್ಟಿಕೊಳ್ಳಲು ಬಳಸುವಂಥದ್ದು. ಎರಡನ್ನೂ ಬೆರೆಸಬೇಡಿ.

ಉಚಿತ ಎಂದ ಮಾತ್ರಕ್ಕೆ ಸುಲಭ ಅಲ್ಲ. ಗುಂಪನ್ನು ಸೀಳಿದಷ್ಟೂ ಖಾನೆಯಲ್ಲಿ ಜನ ಕಡಿಮೆಯಾಗುತ್ತಾರೆ. ಮೇಲಿನ ನಾಲ್ವರಲ್ಲಿ ಒಬ್ಬರು ಕೆಲಸ ಬಿಟ್ಟರೆ ‘ಶೇ 25ರಷ್ಟು ಕುಸಿತ’ ಎಂದು ಇನ್ನೊಂದು ಫಾರ್ವರ್ಡ್ ಹುಟ್ಟುತ್ತದೆ. ಅದಕ್ಕಿಂತ ದೊಡ್ಡ ಅಪಾಯ ಬೇರೆ ಇದೆ. ಆಫೀಸಿನ ಸಮೀಕ್ಷೆಯಲ್ಲಿ ‘ಪರಿಶಿಷ್ಟ ಜಾತಿ, ಮಹಿಳೆ, ಟೀಮ್ ಲೀಡ್’ ಎಂಬ ಖಾನೆಯಲ್ಲಿ ಒಬ್ಬರೇ ಇದ್ದರೆ, ಹೆಸರು ಬರೆಯದಿದ್ದರೂ ಅವರು ಯಾರೆಂದು ಇಡೀ ಮಹಡಿಗೇ ಗೊತ್ತಾಗುತ್ತದೆ. ಹಾಗಾಗಿ ತೀರಾ ಚಿಕ್ಕ ಖಾನೆಗಳನ್ನು ಪ್ರಕಟಿಸದೆ ಮರೆಮಾಡುವುದು ರೂಢಿ. ‘ಎಸ್‌ಡಿಸಿ ಮೈಕ್ರೊ’ ಎಂಬ ಉಚಿತ ಆರ್ ಪ್ಯಾಕೇಜ್ ಇರುವುದು ಇಂಥ ಕೆಲಸಕ್ಕೇ.