ರಕ್ತ ನುಡಿಯುವ ಸಾಕ್ಷಿ

ಕಣ್ಣಾರೆ ಕಂಡು ಹೇಳುವವನನ್ನು ನಾವು ಸಾಕ್ಷಿ ಎನ್ನುತ್ತೇವೆ. ಆ ಪದದೊಳಗೇ ‘ಅಕ್ಷಿ’ಯುಂಟು. ಆದರೆ ರಕ್ತನಾಳಗಳ ಒಳಗೆ ನಡೆಯುವುದನ್ನು ಕಂಡವರಾರು? ಅಲ್ಲಿ ಸಾಕ್ಷಿ ನುಡಿಯಬೇಕಾದದ್ದು ರಕ್ತವೇ. ಅದರ ಮಾತನ್ನು ಎಷ್ಟರಮಟ್ಟಿಗೆ ನಂಬಬಹುದೆಂಬುದು ಇಲ್ಲಿಯ ವಿಚಾರ.

ಕೆಂಪು ಮತ್ತು ಬಿಳಿ ಕಣಗಳಲ್ಲದೆ ರಕ್ತದಲ್ಲಿ ಅತಿ ಸಣ್ಣ ಕಿರುಬಿಲ್ಲೆಗಳೂ ಇವೆ. ವೈದ್ಯರು ಪ್ಲೇಟ್‌ಲೆಟ್ ಎನ್ನುವುದು ಇವನ್ನೇ. ಒಂದು ಘನ ಮಿಲಿಮೀಟರ್ ರಕ್ತದಲ್ಲಿ ಸಾಮಾನ್ಯವಾಗಿ ಒಂದೂವರೆ ಲಕ್ಷದಿಂದ ನಾಲ್ಕು ಲಕ್ಷದವರೆಗೆ ಇರುತ್ತವೆ. ಗಾಯವಾದೊಡನೆ ಒಂದಕ್ಕೊಂದು ಅಂಟಿಕೊಂಡು ನಾಳದ ಒಡಕನ್ನು ಮುಚ್ಚುವುದು ಇವುಗಳ ಧರ್ಮ. ಇಟಲಿಯ ಬಿಜೊಜೆರೊ 1882ರಲ್ಲಿ ಇದನ್ನು ವಿವರಿಸಿದನು. ಆದರೆ ಹೃದಯದ ಇಲ್ಲವೆ ಮಿದುಳಿನ ಧಮನಿಯಲ್ಲಿ ಇವು ಅಕಾಲದಲ್ಲಿ ಗುಂಪುಗೂಡಿದರೆ, ಬೇಲಿಯೇ ಎದ್ದು ಹೊಲ ಮೇಯ್ದಂತಾಗುತ್ತದೆ.

ಕಿರುಬಿಲ್ಲೆಗಳು ಎಷ್ಟಿವೆ ಎಂದು ಎಣಿಸಿದ ಮಾತ್ರಕ್ಕೆ ಅವು ಕೆರಳಿವೆಯೇ ಎಂಬುದು ತಿಳಿಯದು. ಕೆರಳಿದಾಗ ಅವು ತಮ್ಮೊಳಗೆ ಕೂಡಿಟ್ಟ ಬೀಟಾ-ಥ್ರಾಂಬೊಗ್ಲಾಬ್ಯುಲಿನ್, ಪ್ಲೇಟ್‌ಲೆಟ್ ಫ್ಯಾಕ್ಟರ್ 4 ಮೊದಲಾದ ಪ್ರೋಟೀನುಗಳನ್ನು ಹೊರಚೆಲ್ಲುತ್ತವೆ. ಮೊದಲನೆಯದನ್ನು ವಿಕಿರಣಶೀಲ ಗುರುತಿನ ನೆರವಿನಿಂದ ಅಳೆಯುವ ಕ್ರಮವನ್ನು ಎಡಿನ್‌ಬರೋದ ಸಂಶೋಧಕರು 1975ರಲ್ಲಿ ಪ್ರಕಟಿಸಿದರು. ಇಲ್ಲಿನ ಅಳತೆ ನ್ಯಾನೊಗ್ರಾಮು, ಅಂದರೆ ಒಂದು ಗ್ರಾಮಿನ ನೂರು ಕೋಟಿಯಲ್ಲೊಂದು ಪಾಲು.

ತೊಡಕಿರುವುದು ಇಲ್ಲಿಯೇ. ರಕ್ತ ತೆಗೆಯುವ ಸೂಜಿಯೂ ಒಂದು ಗಾಯವೇ ಅಲ್ಲವೆ? ತೋಳಿಗೆ ಪಟ್ಟಿಯನ್ನು ಬಹಳ ಹೊತ್ತು ಬಿಗಿದರೆ, ಸೂಜಿಯನ್ನು ತಡಕಾಡಿಸಿದರೆ, ದೇಹದಲ್ಲಿ ಸುಮ್ಮನಿದ್ದ ಕಿರುಬಿಲ್ಲೆಗಳು ನಳಿಕೆಯಲ್ಲಿ ಕೆರಳುತ್ತವೆ. ಹೊಡೆದು ಬಡಿದು ಹೇಳಿಸಿದ ಸಾಕ್ಷ್ಯದಂತೆ ಅದು ಸುಳ್ಳಾಗುತ್ತದೆ. ಆರೋಗ್ಯವಂತನಿಗೂ ರೋಗದ ಹಣೆಪಟ್ಟಿ ಬೀಳಬಹುದು. ಆದುದರಿಂದಲೇ ಮೊದಲು ಬಂದ ರಕ್ತವನ್ನು ಬಿಟ್ಟು, ಉಳಿದುದನ್ನು ಕಿರುಬಿಲ್ಲೆಗಳನ್ನು ತಡೆಯುವ ಔಷಧಿಯಿರುವ ನಳಿಕೆಯಲ್ಲಿ ಹಿಡಿದು, ಕೂಡಲೇ ಮಂಜುಗಡ್ಡೆಯಲ್ಲಿಡುತ್ತಾರೆ.

ಇಷ್ಟಾದರೂ ಸಂಶಯ ಉಳಿದರೆ ಪಾಟೀಸವಾಲಿಗೆ ಎರಡನೆಯ ಸಾಕ್ಷಿಯಿದೆ. ದೇಹದೊಳಗೆ ಬಿಡುಗಡೆಯಾದ ಫ್ಯಾಕ್ಟರ್ 4 ನಾಳದ ಗೋಡೆಗೆ ಅಂಟಿ ಬೇಗನೆ ಮರೆಯಾಗುತ್ತದೆ. ಬೀಟಾ-ಥ್ರಾಂಬೊಗ್ಲಾಬ್ಯುಲಿನ್ ಹೆಚ್ಚು ಹೊತ್ತು ಉಳಿಯುತ್ತದೆ. ಗಾಜಿನ ನಳಿಕೆಗಾದರೋ ಅಂತಹ ಗೋಡೆಯಿಲ್ಲ. ಆದ್ದರಿಂದ ಎರಡೂ ಒಟ್ಟಿಗೆ ಏರಿದ್ದರೆ ರಕ್ತ ತೆಗೆದ ಕೈಯನ್ನು ಶಂಕಿಸಬೇಕು. ಎರಡನೆಯದು ಮಾತ್ರ ವಿಶೇಷವಾಗಿ ಏರಿದ್ದರೆ ದೇಹವನ್ನು ವಿಚಾರಿಸಬೇಕು. ಅದರಲ್ಲಿಯೂ ಮೂತ್ರಪಿಂಡಗಳು ಸೋತವರಲ್ಲಿ ಅದು ಹೊರಹೋಗದೆ ಉಳಿದು ಅಳತೆಯನ್ನು ಹಿಗ್ಗಿಸುವುದುಂಟು. ಹೆಪಾರಿನ್ ಚುಚ್ಚುಮದ್ದು ಗೋಡೆಗಂಟಿದ ಫ್ಯಾಕ್ಟರ್ 4ನ್ನು ಮರಳಿ ರಕ್ತಕ್ಕೆ ಬಿಡಿಸುತ್ತದೆ.

ಇಂದಿಗೂ ಈ ಪರೀಕ್ಷೆಗಳು ಹೆಚ್ಚಾಗಿ ಸಂಶೋಧನೆಯ ಸಾಧನಗಳೇ. ಅಂಕಿಯೊಂದು ತಾನಾಗಿ ಸತ್ಯವಲ್ಲ. ಅದನ್ನು ಪಡೆದ ಬಗೆಯನ್ನೂ ಕೂಡಿಸಿ ಓದಿದಾಗಲೇ ಅದಕ್ಕೆ ಅರ್ಥ.