ಚಿತ್ರಮಂದಿರಕ್ಕಿಂತ ದೊಡ್ಡದಾದ ಹಾಡು

2011ರ ನವೆಂಬರ್ 5ರಂದು ಮುಂಬೈನ ಆಸ್ಪತ್ರೆಯೊಂದರಲ್ಲಿ ಭೂಪೇನ್ ಹಜಾರಿಕಾ ತೀರಿಕೊಂಡಾಗ ಅವರಿಗೆ 85 ವರ್ಷ. ಪಾರ್ಥಿವ ಶರೀರ ಗುವಾಹಟಿಗೆ ಬಂದ ಮೇಲೆ ಅಂತಿಮ ದರ್ಶನಕ್ಕೆ ನಿಂತವರ ಸಾಲು ಕರಗಲೇ ಇಲ್ಲ. ಅಂತ್ಯಕ್ರಿಯೆಯನ್ನು ಒಂದು ದಿನ ಮುಂದೂಡಬೇಕಾಯಿತು. ಹದಿನಾಲ್ಕು ವರ್ಷಗಳ ನಂತರ, 2025ರ ಸೆಪ್ಟೆಂಬರ್‌ನಲ್ಲಿ ಸಿಂಗಪುರದಲ್ಲಿ ಅಕಾಲ ಮರಣಕ್ಕೀಡಾದ ಇನ್ನೊಬ್ಬ ಅಸ್ಸಾಮಿ ಗಾಯಕನಿಗಾಗಿ ಅದೇ ನಗರದ ಬೀದಿಗಳು ಮತ್ತೆ ತುಂಬಿದವು. ಇಬ್ಬರೂ ಗಾಯಕರು, ಇಬ್ಬರೂ ಚಿತ್ರಸಂಗೀತ ನಿರ್ದೇಶಕರು. ಅವರು ದುಡಿದ ಚಿತ್ರರಂಗವೋ ಬಹಳ ಸಣ್ಣದು. 2011ರ ಜನಗಣತಿಯ ಪ್ರಕಾರ ಅಸ್ಸಾಮಿಯನ್ನು ತಾಯ್ನುಡಿಯೆಂದು ಬರೆಸಿದವರು ಸುಮಾರು 1.53 ಕೋಟಿ; ಕನ್ನಡಿಗರ ಸಂಖ್ಯೆ ಅದೇ ಗಣತಿಯಲ್ಲಿ 4.37 ಕೋಟಿ. ದೊಡ್ಡ ಚಿತ್ರೋದ್ಯಮಗಳಲ್ಲಿ ಸಂಗೀತ ನಿರ್ದೇಶಕನ ಹೆಸರು ನಾಯಕನಟನ ನೆರಳಿನಲ್ಲಿರುತ್ತದೆ. ಅಸ್ಸಾಮಿನಲ್ಲಿ ಆದದ್ದು ಇದರ ತಿರುವುಮುರುವು. ಅದು ಹೇಗಾಯಿತೆಂದು ತಿಳಿಯಲು ಹಜಾರಿಕಾ ಅವರ ಬದುಕಿಗಿಂತ ಒಳ್ಳೆಯ ದಾರಿ ಇಲ್ಲ.

ಚಹಾ ತೋಟದಲ್ಲಿ ಹುಟ್ಟಿದ ಸಿನಿಮಾ

ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ ತೆರೆಕಂಡದ್ದು 1934ರಲ್ಲಿ. ಅದರ ಚಿತ್ರೀಕರಣ ನಡೆದದ್ದು ಕೊಲ್ಹಾಪುರದಲ್ಲಿ. ಮರುವರ್ಷವೇ ಬಂದ ಅಸ್ಸಾಮಿಯ ಮೊದಲ ಚಿತ್ರ ‘ಜಯಮತಿ’ ಮಾತ್ರ ಅಸ್ಸಾಮಿನ ನೆಲದಲ್ಲೇ, ಭೋಲಾಗುರಿ ಎಂಬ ಚಹಾ ತೋಟದಲ್ಲಿ ಕಟ್ಟಿಕೊಂಡ ತಾತ್ಕಾಲಿಕ ಸ್ಟುಡಿಯೊದಲ್ಲಿ ತಯಾರಾಯಿತು. ಅದನ್ನು ಮಾಡಿದವರು ಚಹಾ ತೋಟದ ಮನೆತನವೊಂದರ ಕುಡಿ. ಕವಿ, ನಾಟಕಕಾರ, ಸ್ವಾತಂತ್ರ್ಯ ಹೋರಾಟಗಾರ. ನಿರ್ದೇಶನವೂ ಅವರದೇ, ಸಂಗೀತವೂ ಅವರದೇ. ಧ್ವನಿಮುದ್ರಣ ಕೈಕೊಟ್ಟಾಗ ಪಾತ್ರಗಳಿಗೆ ದನಿ ಕೊಟ್ಟವರೂ ಅವರೇ. ಚಿತ್ರದಿಂದ ಬಂದದ್ದು ನಷ್ಟ. ಬಂಡವಾಳವಿಲ್ಲ, ತಂತ್ರಜ್ಞರಿಲ್ಲ, ಊರೂರಿಗೆ ಚಿತ್ರಮಂದಿರವಿಲ್ಲ. ಬರೆಯಬಲ್ಲ, ಹಾಡಬಲ್ಲ ಒಬ್ಬ ಮನುಷ್ಯನಿದ್ದಾನೆ ಅಷ್ಟೆ. ಮುಂದಿನ ಹಲವು ದಶಕಗಳ ಅಸ್ಸಾಮಿ ಸಿನಿಮಾದ ಜಾತಕ ಅಲ್ಲಿಯೇ ಬರೆದಾಗಿತ್ತು.

ಆ ನಿರ್ದೇಶಕರು 1939ರಲ್ಲಿ ತೆಗೆದ ಎರಡನೆಯ ಚಿತ್ರ ‘ಇಂದ್ರಮಾಲತಿ’ಯಲ್ಲಿ ಹಾಡಿದ ಬಾಲಕನೇ ಹಜಾರಿಕಾ. 1926ರ ಸೆಪ್ಟೆಂಬರ್ 8ರಂದು ಅಸ್ಸಾಮಿನ ಪೂರ್ವ ತುದಿಯ ಸದಿಯಾದಲ್ಲಿ ಹುಟ್ಟಿದ ಹುಡುಗ ತೇಜಪುರದಲ್ಲಿ ಈ ಹಿರಿಯರ ಕಣ್ಣಿಗೆ ಬಿದ್ದಿದ್ದ. ಮುಂದೆ ಬನಾರಸಿನಲ್ಲಿ ರಾಜ್ಯಶಾಸ್ತ್ರ ಓದಿ, ನ್ಯೂಯಾರ್ಕಿಗೆ ಹೋಗಿ 1952ರಲ್ಲಿ ಡಾಕ್ಟರೇಟ್ ಪಡೆದರು. ಭಾರತದ ವಯಸ್ಕರ ಶಿಕ್ಷಣದಲ್ಲಿ ದೃಶ್ಯ–ಶ್ರವ್ಯ ಮಾಧ್ಯಮಗಳನ್ನು ಬಳಸುವ ಬಗೆ ಅವರ ಸಂಶೋಧನೆಯ ವಿಷಯ. ಓದಲು ಬಾರದ ಜನರನ್ನು ದನಿ ಮತ್ತು ಚಿತ್ರದಿಂದ ಮುಟ್ಟುವುದು ಹೇಗೆಂದು ಪ್ರಬಂಧ ಬರೆದವರು ಆಮೇಲೆ ಅದನ್ನೇ ಬಾಳಿನ ಕಸುಬಾಗಿ ಮಾಡಿಕೊಂಡರು. ಅಮೆರಿಕದ ಕಪ್ಪು ಜನರ ಹಕ್ಕುಗಳಿಗಾಗಿ ಹಾಡುತ್ತಿದ್ದ ಮಹಾನ್ ಗಾಯಕರೊಬ್ಬರ ಪರಿಚಯವಾದದ್ದೂ ಅಲ್ಲಿಯೇ. ಆ ಗಾಯಕರು ಮಿಸಿಸಿಪ್ಪಿ ನದಿಯನ್ನು ಕುರಿತು ಹಾಡುತ್ತಿದ್ದ ಗೀತೆಯಿಂದ ಸ್ಫೂರ್ತಿ ಪಡೆದು ಹಜಾರಿಕಾ ಬ್ರಹ್ಮಪುತ್ರದ ಮೇಲೆ ಹಾಡು ಕಟ್ಟಿದರು. ದಡದ ಜನರ ಸಂಕಟ ಕಂಡೂ ಸುಮ್ಮನೆ ಹರಿಯುವ ನದಿಯನ್ನು ಪ್ರಶ್ನಿಸುವ ಆ ಹಾಡು ಬಂಗಾಳಿಗೆ ಹೋಯಿತು. ಹಿಂದಿಗೆ ಹೋದಾಗ ನದಿ ಗಂಗೆಯಾಯಿತು.

ಹೊಟ್ಟೆಪಾಡಿಗೆ ಕಲ್ಕತ್ತಾ

1956ರಲ್ಲಿ ತೆರೆಕಂಡ ‘ಎರಾ ಬಾಟರ್ ಸುರ್’ ಚಿತ್ರವನ್ನು ಹಜಾರಿಕಾ ತಾವೇ ನಿರ್ದೇಶಿಸಿ, ತಾವೇ ಸಂಗೀತ ಕೊಟ್ಟರು. ‘ಶಕುಂತಲಾ’, ‘ಪ್ರತಿಧ್ವನಿ’, ‘ಲಟಿ ಘಟಿ’ ಆ ಬಳಿಕ ಬಂದವು. ಮೂರಕ್ಕೂ ರಾಷ್ಟ್ರಪತಿ ಪದಕಗಳು ಸಂದವು. ಪದಕಗಳಿಂದ ಮನೆ ನಡೆಯುವುದಿಲ್ಲ. ವರ್ಷಕ್ಕೆ ಬೆರಳೆಣಿಕೆಯ ಚಿತ್ರಗಳು ತಯಾರಾಗುವ ಭಾಷೆಯಲ್ಲಿ ಸಂಗೀತ ನಿರ್ದೇಶಕನೊಬ್ಬ ಸಿನಿಮಾವನ್ನೇ ನಂಬಿ ಬದುಕುವಂತಿರಲಿಲ್ಲ. ಹೀಗಾಗಿ ಅವರು ದಶಕಗಳ ಕಾಲ ಕಲ್ಕತ್ತಾದಲ್ಲಿ ನೆಲೆಸಿ ಬಂಗಾಳಿಯಲ್ಲೂ ದುಡಿದರು, ಕಡೆಗಾಲದಲ್ಲಿ ಮುಂಬೈ ಸೇರಿದರು.

ಇಂಥ ವಲಸೆಯಲ್ಲಿ ಕಲಾವಿದ ತನ್ನ ಬೇರು ಕಳೆದುಕೊಳ್ಳುತ್ತಾನೆ ಎಂಬ ಆತಂಕ ಸಣ್ಣ ಭಾಷೆಗಳಲ್ಲಿ ಸದಾ ಇರುತ್ತದೆ, ಅದು ಸುಳ್ಳೂ ಅಲ್ಲ. ಆದರೆ ಹಜಾರಿಕಾ ಹೊರಗೆ ಒಯ್ದ ಸರಕು ಮನೆಯದೇ. ವೈಷ್ಣವ ಸಂತ ಶಂಕರದೇವರ ಕಾಲದಿಂದ ಸತ್ರಗಳೆಂಬ ಮಠಗಳಲ್ಲಿ, ನಾಮಘರಗಳೆಂಬ ಪ್ರಾರ್ಥನಾ ಮಂದಿರಗಳಲ್ಲಿ ಹಾಡಿಕೊಂಡು ಬಂದ ಭಕ್ತಿಗೀತೆಗಳಾದ ಬರಗೀತೆ, ಬಿಹು ಹಾಡುಗಳು, ಗೋಯಾಲಪಾರಾದ ಜನಪದ ಧಾಟಿ, ಚಹಾ ತೋಟದ ಕೂಲಿಗಳ ಝುಮುರ್ ಇವೆಲ್ಲ ಅವರ ಬತ್ತಳಿಕೆಯಲ್ಲಿದ್ದವು. ಬ್ರಿಟಿಷರು 1858ರಲ್ಲಿ ಗಲ್ಲಿಗೇರಿಸಿದ ದಿವಾನನೊಬ್ಬನ ಕಥೆಯಾದ ‘ಮಣಿರಾಮ್ ದೇವಾನ್’ ಚಿತ್ರಕ್ಕೆ ಅವರು ಎದೆ ನಡುಗುವ ಅಳಲಿನ ಹಾಡೊಂದನ್ನು ಮಾಡಿದ್ದರು. ಸುಮಾರು ಮೂವತ್ತು ವರ್ಷಗಳ ಬಳಿಕ, 1993ರಲ್ಲಿ, ಅದೇ ಧಾಟಿ ಹಿಂದಿ ಚಿತ್ರ ‘ರುಡಾಲಿ’ಯ ‘ದಿಲ್ ಹೂಂ ಹೂಂ ಕರೇ’ ಆಗಿ ದೇಶದ ಮನೆಮನೆ ತಲುಪಿತು. ಕರ್ನಾಟಕದಲ್ಲೂ ಹಜಾರಿಕಾ ಹೆಸರು ಬಹುಮಂದಿಗೆ ಗೊತ್ತಾದದ್ದು ಈ ಹಾಡಿನಿಂದಲೇ. ರಾಜಸ್ಥಾನದ ಮರಳುಗಾಡಿನಲ್ಲಿ ನಡೆಯುವ ಕಥೆಗೆ ಬ್ರಹ್ಮಪುತ್ರ ಕಣಿವೆಯ ರಾಗ ಒಗ್ಗಿಕೊಂಡದ್ದು ಅಚ್ಚರಿಯೇ. ದುಃಖಕ್ಕೆ ಭೂಗೋಳ ಗೊತ್ತಿಲ್ಲವೋ ಏನೋ. ಅದಕ್ಕೂ ಮುಂಚೆ, ಬಿಳಿಯ ತೋಟದ ಮಾಲೀಕ ಮತ್ತು ಕೂಲಿ ಹೆಣ್ಣಿನ ಪ್ರೇಮಕಥೆಯಾದ ‘ಚಮೇಲಿ ಮೇಮ್‌ಸಾಬ್’ (1975) ಚಿತ್ರದ ಸಂಗೀತಕ್ಕೆ ಅವರಿಗೆ ರಾಷ್ಟ್ರ ಪ್ರಶಸ್ತಿ ಬಂದಿತ್ತು. ತೋಟದ ಕೂಲಿಗಳ ತಾಳವನ್ನು ಬೇರೆ ಮೇಳಕ್ಕಾಗಿ ತಿದ್ದಿ ನಯಗೊಳಿಸದೆ ಉಳಿಸಿಕೊಂಡದ್ದೇ ಆ ಹಾಡುಗಳ ಬಲ.

ಬಿಹು ಪೆಂಡಾಲಿನ ರಾತ್ರಿಗಳು

ಸಿನಿಮಾ ಕೊಡಲಾಗದ ಜೀವನೋಪಾಯವನ್ನೂ ಜನಸಂಪರ್ಕವನ್ನೂ ಅಸ್ಸಾಮಿನ ಕಲಾವಿದರಿಗೆ ಕೊಟ್ಟದ್ದು ಬಿಹು ವೇದಿಕೆ. ಏಪ್ರಿಲ್ ಮಧ್ಯದಲ್ಲಿ ಹೊಸ ವರ್ಷದ ಹಬ್ಬ ರಂಗಾಲಿ ಬಿಹು ಆರಂಭವಾದರೆ ಬಡಾವಣೆ ಬಡಾವಣೆಯಲ್ಲೂ ಪೆಂಡಾಲು ಏಳುತ್ತದೆ. ಮೊದಲು ಬಿಹು ಕುಣಿತದ ತಂಡಗಳು, ಆಮೇಲೆ ಊರಿನ ಹಾಡುಗಾರರು. ಹೆಸರಾಂತ ಗಾಯಕ ವೇದಿಕೆ ಹತ್ತುವಾಗ ನಡುರಾತ್ರಿ ಮೀರಿರುತ್ತದೆ. ಅಷ್ಟು ಹೊತ್ತು ಮಕ್ಕಳನ್ನು ಮಡಿಲಲ್ಲಿ ಮಲಗಿಸಿಕೊಂಡು ಕುಳಿತ ಜನ ಕದಲುವುದಿಲ್ಲ. ಸಂಘಟಕರು ಕೆಂಪಂಚಿನ ಬಿಳಿ ಗಮೊಸಾ ಹೊದಿಸಿದ ಮೇಲೆ ಹಾಡು ಶುರು. ತೆರೆಯ ಮೇಲಿನ ತಾರೆಗೂ ಪ್ರೇಕ್ಷಕನಿಗೂ ನಡುವೆ ಇರುವ ಅಂತರ ಇಲ್ಲಿ ಇಲ್ಲ. ಗಾಯಕ ಊರೂರಿಗೆ ಬಂದು ಮುಖ ತೋರಿಸಿ, ಮಾತಾಡಿ, ಕೇಳಿದ ಹಾಡು ಹಾಡಿ ಹೋಗುತ್ತಾನೆ.

2025ರಲ್ಲಿ ತೀರಿಕೊಂಡ ಗಾಯಕನನ್ನು ಉಳಿದ ದೇಶ ಗುರುತಿಸುವುದು 2006ರ ‘ಗ್ಯಾಂಗ್‌ಸ್ಟರ್’ ಚಿತ್ರದ ಒಂದು ಹಿಂದಿ ಹಾಡಿನಿಂದ. ಅಸ್ಸಾಮಿಗರಿಗೆ ಆತ ಮುಂಬೈ ಬಿಟ್ಟು ಮನೆಗೆ ಮರಳಿ ಬಂದವನು. ಬಿಹು ವೇದಿಕೆಯಲ್ಲಿ ಹಿಂದಿ ಹಾಡು ಕೂಡದೆಂಬ ಸಶಸ್ತ್ರ ಸಂಘಟನೆಯ ಕಟ್ಟಪ್ಪಣೆಗೆ ಸೊಪ್ಪು ಹಾಕದವನು. ಇಂಥ ನಂಟು ಟಿಕೆಟ್ ಮಾರಾಟದ ಲೆಕ್ಕಕ್ಕೆ ಸಿಗುವುದಿಲ್ಲ.

ಹಾಡುವವನ ಮೇಲೆ ಹೇರಿದ ಹೊರೆ

ಇದರ ಇನ್ನೊಂದು ಮಗ್ಗುಲೂ ಇದೆ. ಎದುರಿಗೇ ನಿಂತು ಹಾಡುವವನಿಂದ ಜನ ಹಾಡನ್ನಷ್ಟೇ ಬಯಸುವುದಿಲ್ಲ. 1960ರಲ್ಲಿ ರಾಜ್ಯಭಾಷೆಯ ಪ್ರಶ್ನೆ ಅಸ್ಸಾಮಿಗರು ಮತ್ತು ಬಂಗಾಳಿಗರ ನಡುವೆ ಗಲಭೆಯಾಗಿ ಹೊತ್ತಿಕೊಂಡಾಗ, ಎಡಪಂಥೀಯ ಜನನಾಟ್ಯ ಚಳವಳಿಯಲ್ಲಿ ಪಳಗಿದ್ದ ಹಜಾರಿಕಾ, ಬಂಗಾಳಿ ಗಾಯಕರೊಬ್ಬರ ಜೊತೆಗೂಡಿ ತಂಡ ಕಟ್ಟಿಕೊಂಡು ಗಲಭೆಪೀಡಿತ ಊರುಗಳಲ್ಲಿ ಹಾಡುತ್ತ ತಿರುಗಿದರು. ಅವರ ಬದುಕಿನ ಅತಿ ದಿಟ್ಟ ಕೆಲಸ ಅದೇ ಎನ್ನಬೇಕು. 1967ರಲ್ಲಿ ಪಕ್ಷೇತರರಾಗಿ ಗೆದ್ದು ವಿಧಾನಸಭೆಗೆ ಹೋದರು. 2004ರಲ್ಲಿ ಮಾತ್ರ, ತಾವು ಬೆಳೆದ ಎಡಪಂಥಕ್ಕೆ ಪೂರ್ತಿ ಎದುರಾದ ಪಕ್ಷದಿಂದ ಗುವಾಹಟಿ ಲೋಕಸಭಾ ಕ್ಷೇತ್ರದಲ್ಲಿ ನಿಂತು ಸೋತರು.

ಈ ಕಡೆಯ ಹೆಜ್ಜೆಯನ್ನು ಕುರಿತ ವಾದ ಇನ್ನೂ ಮುಗಿದಿಲ್ಲ. ಜೀವನವಿಡೀ ಹಾಡಿದ್ದಕ್ಕೆ ಅವರೇ ಬೆನ್ನು ತಿರುಗಿಸಿದರು ಎಂಬುದು ಒಂದು ವಾದ. ಹಾಡು ಎಲ್ಲರದು, ಅದನ್ನು ಕಟ್ಟಿದವನಿಗೂ ಒಬ್ಬ ಪ್ರಜೆಯ ಆಯ್ಕೆಯ ಹಕ್ಕಿದೆ ಎಂಬುದು ಇನ್ನೊಂದು. ಮತದಾರರು ಈ ಎರಡನ್ನೂ ಬೇರೆ ಬೇರೆಯಾಗಿ ತೂಗಿದಂತೆ ತೋರುತ್ತದೆ: ಅಭ್ಯರ್ಥಿಯನ್ನು ಸೋಲಿಸಿದರು, ಏಳು ವರ್ಷಗಳ ನಂತರ ಗಾಯಕನಿಗಾಗಿ ಲಕ್ಷ ಲಕ್ಷ ಸಂಖ್ಯೆಯಲ್ಲಿ ನೆರೆದರು. ಪೌರತ್ವ ಮಸೂದೆಯ ವಿರುದ್ಧ ಈಶಾನ್ಯ ಕುದಿಯುತ್ತಿದ್ದ 2019ರ ಜನವರಿಯಲ್ಲಿ ಮರಣೋತ್ತರ ಭಾರತರತ್ನ ಘೋಷಣೆಯಾದಾಗ, ಅದು ಗೌರವವೋ ಸಮಾಧಾನದ ತುಣುಕೋ ಎಂಬ ಪ್ರಶ್ನೆ ಎದ್ದಿತು. ಕುಟುಂಬ ಮೊದಲು ಅಸಮಾಧಾನ ತೋರಿಸಿತಾದರೂ ಆ ವರ್ಷವೇ ಪ್ರಶಸ್ತಿಯನ್ನು ಸ್ವೀಕರಿಸಿತು. ಪ್ರಶಸ್ತಿಗೆ ಅವರು ಅರ್ಹರೇ ಎಂಬುದರಲ್ಲಿ ತಕರಾರಿಲ್ಲ. ಆರಿಸಿಕೊಂಡ ಗಳಿಗೆ ಮಾತ್ರ ರಾಜಕೀಯದ್ದು.

ಸೇತುವೆ ಬಂತು, ಪರದೆ ಬರಲಿಲ್ಲ

ಸದಿಯಾವನ್ನು ಧೋಲಾಕ್ಕೆ ಜೋಡಿಸುವ 9.15 ಕಿಲೋಮೀಟರ್ ಉದ್ದದ ಸೇತುವೆಗೆ ಇಂದು ಹಜಾರಿಕಾ ಹೆಸರಿದೆ. ಪ್ರತಿಮೆಗಳಿವೆ, ಪ್ರಶಸ್ತಿಗಳಿವೆ. ಹಾಡಿನ ಬೆನ್ನಿಗಿರಬೇಕಾದ ಉದ್ಯಮವೊಂದೇ ಬೆಳೆಯಲಿಲ್ಲ. ಉಗ್ರವಾದದ ವರ್ಷಗಳಲ್ಲಿ ಬಾಗಿಲು ಹಾಕಿದ ಚಿತ್ರಮಂದಿರಗಳಲ್ಲಿ ಎಷ್ಟೋ ಮತ್ತೆ ತೆರೆಯಲಿಲ್ಲ. ‘ಜಯಮತಿ’ಯ ಪೂರ್ಣ ಪ್ರತಿ ಇಂದು ಉಳಿದಿಲ್ಲ. 2025ರ ಅಕ್ಟೋಬರ್ ಕೊನೆಯಲ್ಲಿ, ಅಗಲಿದ ಗಾಯಕನ ಕೊನೆಯ ಚಿತ್ರ ‘ರೋಯಿ ರೋಯಿ ಬಿನಾಲೆ’ ಬಿಡುಗಡೆಯಾದಾಗ ನಸುಕಿನಲ್ಲೇ ಪ್ರದರ್ಶನಗಳು ಆರಂಭವಾದವು. ಪ್ರೇಕ್ಷಕರಿಲ್ಲ ಎಂಬ ಹಳೆಯ ಸಬೂಬು ಅಂದಿಗೆ ಬಿದ್ದುಹೋಯಿತು. ಸಾವಿನ ಸಂಕಟದಲ್ಲಿ ಬಂದ ಜನ ಪ್ರತಿ ಶುಕ್ರವಾರ ಬರುತ್ತಾರೆಂದು ಹೇಳುವಂತಿಲ್ಲ, ನಿಜ. ಆದರೆ ಬರಲು ಒಂದು ಚಿತ್ರಮಂದಿರವಾದರೂ ಊರಿನಲ್ಲಿರಬೇಕು. ಅದನ್ನು ಕಟ್ಟಿಸುವ, ಅಳಿದುಳಿದ ರೀಲುಗಳನ್ನು ಕಾಪಾಡುವ ಹೊಣೆ ಸೇತುವೆಗೆ ಹೆಸರಿಟ್ಟ ಸರ್ಕಾರಗಳದ್ದೇ.